ಕರಗಿದ ಐಸ್‌ಕ್ರೀಮು, ಕೆಂಪು ಬಾಳೆ

ಬಟ್ಟಲು ಕೆಂಪಗಿತ್ತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಕಮಲಾಪುರದ ಕೆಂಪು ಬಾಳೆಹಣ್ಣು, ಅದರ ಮೇಲೆ ಬಿಳಿ ಐಸ್‌ಕ್ರೀಮು, ಎರಡೂ ಬೆರೆತು ಕೆಂಪಾದ ಹಾಲು. ಕೇಳಿದವರಿಗೆ ಇಷ್ಟವಾಗುತ್ತಿತ್ತು, ನನಗೂ ಇಷ್ಟವಾಗುತ್ತಿತ್ತು. ಒಂದು ದಿನ ಹಣ್ಣು ಸುಲಿಯುತ್ತಿರುವಾಗ ಕೈ ನಿಂತಿತು. ಕೆಂಪಿರುವುದು ಸಿಪ್ಪೆ. ಒಳಗಿನ ತಿರುಳು ಕೆನೆಬಣ್ಣದ್ದು, ಬಹಳವಾದರೆ ತುಸು ಕೇಸರಿ. ಸಿಪ್ಪೆ ದನದ ಬಾಯಿಗೆ ಹೋಗುತ್ತದೆ, ಬಟ್ಟಲಿಗಲ್ಲ. ಹಾಗಾದರೆ ಇಷ್ಟು ವರ್ಷ ನಾನು ಕಣ್ಣೊಳಗೆ ಇಟ್ಟುಕೊಂಡಿದ್ದ ಕೆಂಪು ಬಟ್ಟಲು ಎಲ್ಲಿಯದು? ಗೊತ್ತಿಲ್ಲ. ಈ ಸಲ ಕೈಗೆ ಸಿಕ್ಕಷ್ಟನ್ನೇ ಬರೆಯುತ್ತೇನೆ. ಸಿಗದ ಕಡೆ ಸಿಗಲಿಲ್ಲ ಎನ್ನುತ್ತೇನೆ.

ನನ್ನ ತವರು ಕಲಬುರಗಿಯ ಬ್ರಹ್ಮಪುರದಲ್ಲಿ. ಆಗ ಸ್ಟೇಶನ್ನಿನ ಕಡೆ ಒಂದು ಐಸ್‌ಕ್ರೀಮಿನ ಅಂಗಡಿ ಇತ್ತು. ಹೊರಗಿನ ಬೋರ್ಡು ಉರ್ದು, ಒಳಗಿನ ಮಾತು ಅರ್ಧ ಉರ್ದು ಅರ್ಧ ಕನ್ನಡ. ಮರದ ಪೀಪಾಯಿಯಲ್ಲಿ ಬರ್ಫು, ಅಂದರೆ ಮಂಜುಗಡ್ಡೆ, ಮತ್ತು ಉಪ್ಪು, ನಡುವೆ ಹಾಲು ತುಂಬಿದ ತಗಡಿನ ಡಬ್ಬಿ. ಹಿಡಿಕೆ ತಿರುಗಿಸುವವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿರುತ್ತಿತ್ತು. ಬೇಸಿಗೆಯಲ್ಲಿ ಅಣ್ಣ ಅಲ್ಲಿಂದ ಮುಚ್ಚಳದ ಡಬ್ಬಿಯಲ್ಲಿ ಐಸ್‌ಕ್ರೀಮ್ ಕಟ್ಟಿಸಿಕೊಂಡು ಟಾಂಗಾದಲ್ಲಿ ಬರುತ್ತಿದ್ದ.

ಅವ್ವ ಅದನ್ನು ಹಾಗೆಯೇ ಬಡಿಸಿದ್ದು ನನಗೆ ನೆನಪಿಲ್ಲ. ಅಂಗಡಿಯಿಂದ ಬಂದದ್ದನ್ನು ಹಾಗೆಯೇ ತಟ್ಟೆಗೆ ಹಾಕಿದರೆ ಮನೆಯಲ್ಲಿ ಹೆಂಗಸು ಇದ್ದೂ ಇಲ್ಲದಂತೆ ಎಂಬುದು ಅವಳ ವಿಚಾರ. ಒಲೆ ಹಚ್ಚುತ್ತಿರಲಿಲ್ಲ, ಆದರೂ ಏನಾದರೊಂದು ಮಾಡುತ್ತಿದ್ದಳು. ಕರಬೂಜವನ್ನು ಅಡ್ಡ ಕೊಯ್ದು, ಬೀಜ ತೆಗೆದು, ಆ ಕುಳಿಯಲ್ಲಿ ಐಸ್‌ಕ್ರೀಮ್ ತುಂಬಿ, ಮೇಲೆ ಏಲಕ್ಕಿ ಪುಡಿ. ಇಲ್ಲವೇ ಮಾವಿನಹಣ್ಣಿನ ಸೀಕರಣೆಯಲ್ಲಿ ಒಂದು ಸೌಟು ಐಸ್‌ಕ್ರೀಮ್ ಬಿಟ್ಟು, ಪೂರ್ತಿ ಕಲೆಸದೆ, ಬಿಳಿ ಗೆರೆಗಳು ಕಾಣುವಂತೆ. ಗುಲಾಬಿ ಶರಬತ್ತಿನಲ್ಲಿ ಕಾಮಕಸ್ತೂರಿ ಬೀಜ ನೆನೆಹಾಕಿ ಅದರ ಮೇಲೆ. ಕೆಲವು ಸಲ ಶೇಂಗಾ ಚಿಕ್ಕಿ ಕುಟ್ಟಿ ಉದುರಿಸುತ್ತಿದ್ದಳು. "ಹಲ್ಲಿಗೂ ಒಂದೀಟು ಕೆಲಸ ಇರ್ಲಿ," ಎನ್ನುತ್ತಿದ್ದಳು. ಇವೆಲ್ಲ ಅವಳದೇ ಕಲ್ಪನೆಯೋ, ಎಲ್ಲಾದರೂ ನೋಡಿದ್ದೋ, ನಾನು ಕೇಳಲಿಲ್ಲ.

ನನ್ನನ್ನು ಕಮಲಾಪುರಕ್ಕೆ ಕೊಟ್ಟರು. ಮದುವೆ ಬ್ರಹ್ಮಪುರದ ಮನೆಯಲ್ಲೇ ಆಯಿತು, ಬೀಗರಿಗೆಲ್ಲ ಆ ಅಂಗಡಿಯ ಐಸ್‌ಕ್ರೀಮ್ ಹಂಚಿದರು. ಅದರ ಮುಂದಿನ ಬೇಸಿಗೆಯಲ್ಲಿ ಅತ್ತೆಗೆ ಚಳಿಜ್ವರ ಬಂತು. ಜ್ವರ ಇಳಿಯಿತು. ಹಸಿವು ತಿರುಗಿ ಬರಲಿಲ್ಲ. ಬಾಳೆತೋಟದಲ್ಲಿ ಆಳುಗಳ ಸರಿಸಮ ಗೊನೆ ಹೊರುತ್ತಿದ್ದ ಹೆಂಗಸು ಗೋಡೆ ಹಿಡಿದು ನಡೆಯುವಂತಾದರು. ರೊಟ್ಟಿ ತಂದರೆ ಮುಖ ತಿರುಗಿಸುತ್ತಿದ್ದರು, ಗಂಜಿ ಎರಡು ಗುಟುಕಿಗೇ ಸಾಕಾಗುತ್ತಿತ್ತು. ಬಂದ ಡಾಕ್ಟರು ನನ್ನ ಗಂಡನನ್ನು ಹೊರಗೆ ಕರೆದು, "ಔಷಧದ ಕೆಲಸ ಮುಗೀತು. ಇನ್ನ ಅನ್ನ ಒಳಗ ಹೋಗ್ಬೇಕು. ಹೋಗಲಿಲ್ಲಂದ್ರ ನಾ ಏನೂ ಹೇಳಲಾರೆ," ಎಂದು ಹೋದರು. ಬಾಗಿಲ ಹಿಂದೆ ನಿಂತು ನಾನು ಕೇಳಿದೆ. ಇದು ಮಾತ್ರ ನನಗೆ ಖಚಿತ.

ಆರೈಕೆಗೆಂದು ಗಂಡನ ಅಕ್ಕ ಬಂದಿದ್ದರು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ತಾಯಿಯ ಹಾಸಿಗೆಯ ಪಕ್ಕ ಕೂತು ಕೇಳಿದರು:

"ಏನರ ಬೇಡಿ ಕೇಳವ್ವಾ. ಬೇಡಿದ್ದು ತರ್ತೀವಿ."

"ಬಾಯಿ ಸುಟ್ಟ ಹಂಚಾಗ್ಯಾದ. ಏನ್ ಬೇಡ್ಲಿ?" ಎಂದ ಅತ್ತೆ ನನ್ನ ಕಡೆ ನೋಡಿದರು. "ಇಕಿ ಮದಿವ್ಯಾಗ ಒಂದು ಕೊಟ್ಟಿದ್ರಲ್ಲ, ಬೆಳ್ಳಗ, ಗುಂಡಗ. ಹಲ್ಲು ಜುಮ್ ಅಂದಿತ್ತು. ಅದು ಇದ್ದರ ತಿಂದೇನು."

"ಐಸ್‌ಕ್ರೀಮ್ ಏನ್ರಿ ಅತ್ತಿ?"

"ಅದರ ಹೆಸರು ನನಗೇನ್ ಗೊತ್ತು? ನಿಮ್ಮವರು ಕೊಟ್ಟಿದ್ದು."

ಅಕ್ಕ ನಕ್ಕರು. "ಬೀಗರು ರೇಶಿಮಿ ಸೀರಿ ಉಡಿಸಿದ್ದು ಮರತಾಳ, ಥಂಡಿ ಗುಂಡು ನೆನಪಿಟ್ಟಾಳ ನೋಡು!"

ಮರುದಿನವೇ ನಾನು ಮೋಟಾರು ಬಸ್ಸಿನಲ್ಲಿ ಕಲಬುರಗಿಗೆ ಹೋದೆ. ರಾತ್ರಿ ತವರಿನಲ್ಲಿದ್ದು ಬೆಳಿಗ್ಗೆ ಅಣ್ಣನೊಂದಿಗೆ ಅಂಗಡಿಗೆ ಹೋದಾಗ ಅಂಗಡಿಯವರು ಕೈ ಅಲ್ಲಾಡಿಸಿದರು.

"ಕಮಲಾಪುರಕ್ಕ? ಇಂಥಾ ಧೂಪ್, ಬಿಸಿಲಾಗ? ಹೋಗೂದ್ರಾಗ ಕರಗಿ ದೂಧ್ ಆಗ್ತದ ಭಾಯಿ."

"ಆದದ್ದಾಗ್ಲಿ, ಕಟ್ಟಿ ಕೊಡ್ರಿ. ಬ್ಯಾನಿ ಮನಶ್ಯಾಳು ಬಾಯಿ ಬಿಟ್ಟು ಕೇಳ್ಯಾಳ," ಎಂದ ಅಣ್ಣ.

ಬೇನೆ ಎಂದ ಮೇಲೆ ಅವರು ಒಪ್ಪಿದರು. ಡಬ್ಬಿಯನ್ನು ಬಕೆಟ್ಟಿನಲ್ಲಿ ಇಟ್ಟು, ಸುತ್ತ ಬರ್ಫಿನ ಚೂರು ಮತ್ತು ಉಪ್ಪು ಒತ್ತಿ, ಮೇಲೆ ಮರದ ಹೊಟ್ಟು ಸುರಿದು, ಗೋಣಿತಟ್ಟು ಬಿಗಿದರು. ಅದರ ಮೇಲೆ ಅವ್ವ ಕೊಟ್ಟ ಕಂಬಳಿ ಸುತ್ತಿದೆವು. "ಮನಿ ಮುಟ್ಟೂತನಕ ಕಂಬಳಿ ಬಿಚ್ಚಬ್ಯಾಡ್ರಿ," ಎಂದರು. ಮೋಟಾರಿನಲ್ಲಿ ಅಣ್ಣ ಅದನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತ. ಉಪ್ಪುನೀರು ಅವನ ಧೋತರಕ್ಕೆ ತೊಟ್ಟಿಕ್ಕಿತು. ಎದುರಿಗೆ ಕೂತ ಮುದುಕಿ ಬಹಳ ಹೊತ್ತು ನೋಡಿ, "ಯಪ್ಪಾ, ಕೂಸಿನ ಮಾರಿ ಒಂದೀಟು ಹೊರಗ ತಗಿ, ಉಸರು ಕಟ್ಟೀತು," ಎಂದಳು. ತೊಟ್ಟಿಕ್ಕುವುದನ್ನು ಕಂಡಮೇಲೆ ಅವಳ ಅನುಮಾನ ಇನ್ನೂ ಗಟ್ಟಿಯಾಯಿತು.

ಕಮಲಾಪುರದ ಮನೆ ಮುಟ್ಟಿದಾಗ ಬಿಸಿಲು ಏರಿತ್ತು. ಬಕೆಟ್ಟನ್ನು ಪಡಸಾಲೆಯಲ್ಲಿ ಇಟ್ಟು ನಾನು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ತಿರುಗಿ ಬಂದು ನೋಡಿದರೆ ಬಕೆಟ್ಟು ಅಂಗಳದ ಬೇವಿನ ನೆರಳಿಗೆ ಹೋಗಿದೆ. ಕಂಬಳಿ ಹಗ್ಗದ ಮೇಲೆ, ಗೋಣಿತಟ್ಟು ನೆಲದ ಮೇಲೆ. ಅಕ್ಕ ಕುಕ್ಕರಗಾಲಲ್ಲಿ ಕೂತು ಡಬ್ಬಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಾರೆ.

"ಅಕ್ಕಾ! ಏನ್ ಮಾಡಾಕತ್ತೀರಿ?"

"ಇಂಥಾ ಬ್ಯಾಸಗ್ಯಾಗ ಕಂಬಳಿ ಹೊಚ್ಚೀರಲ್ಲ, ನಿಮಗ ಬುದ್ಧಿ ಅದ ಏನು? ಥಂಡಿ ಸಾಮಾನು, ಸೆಕಿ ಹತ್ತಿ ಸತ್ತ ಹೋಗ್ತಿತ್ತು."

"ಥಂಡಿ ಇರ್ಲಿ ಅಂತ್ಲೇ ಹೊಚ್ಚಿದ್ದು ಅಕ್ಕಾರ," ಎಂದ ಅಣ್ಣ.

"ನನಗ ಹೊಚ್ಚಿದರ ಬೆವರು, ಅದಕ್ಕ ಹೊಚ್ಚಿದರ ಥಂಡಿ! ಅದೇನು ಉಲ್ಟಾ ಹುಟ್ಟ್ಯಾದೇನು?"

ಕಂಬಳಿ ಯಾವ ಪಕ್ಷವನ್ನೂ ವಹಿಸುವುದಿಲ್ಲ, ಒಳಗಿನದನ್ನು ಒಳಗೇ ಇಡುತ್ತದೆ ಎಂದು ಅಣ್ಣ ವಿವರಿಸಲು ಹೋದ. ಅವರು ಇನ್ನೂ ಜೋರಾಗಿ ಬೀಸಿದರು. ಮುಚ್ಚಳ ತೆಗೆದೆ. ಅಂಚಿನಲ್ಲಿ ಹಾಲಾಗಿತ್ತು, ನಡುವೆ ಮಾತ್ರ ಒಂದು ಗಡ್ಡೆ ಇನ್ನೂ ನಿಂತಿತ್ತು. ಈಗಲೇ ತಿಂದರೆ ಅತ್ತೆ ಕೇಳಿದ್ದು ಅವರಿಗೆ ಸಿಗುತ್ತಿತ್ತು.

ಆದರೆ ಅತ್ತೆ ಆಗ ತಾನೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತಿದ್ದರು. ಅಂಗೈಯ ಲಿಂಗಕ್ಕೆ ಅರ್ಪಿಸದೆ ಅವರು ಬಾಯಿಗೆ ಏನೂ ಹಾಕುವವರಲ್ಲ. ಜ್ವರದಲ್ಲಿ ಕ್ವಿನೈನ್ ಗುಳಿಗೆಯನ್ನು ಕೂಡ ಅರ್ಪಿಸಿಯೇ ನುಂಗಿದ್ದರು. ಅಕ್ಕ ಅದಕ್ಕೆ, "ನಮ್ಮ ಶಿವಪ್ಪಗೂ ಬಾಯಿ ಕಹಿ ಆಗ್ಯಾದ," ಎಂದು ನಗಿಸಿದ್ದರು. ಈಗ ನಗು ಬರಲಿಲ್ಲ. ಅತ್ತೆಯ ಪೂಜೆ ಬೇಗ ಮುಗಿಯುವಂಥದ್ದಲ್ಲ, ಕಾಯಿಲೆ ಬಿದ್ದ ಮೇಲಂತೂ ಇನ್ನೂ ನಿಧಾನ.

ನಾನು ಬಾಗಿಲಲ್ಲಿ ನಿಂತು ಕೇಳಿದೆ: "ಅತ್ತಿ, ಒಂದು ಚಮಚಾ ಮುಂದ ಇಡ್ತೀನ್ರಿ. ಉಳಿದಿದ್ದು ಬರ್ಫಿನ್ಯಾಗ ಇರ್ಲಿ. ಪೂಜಿ ಮುಗದ ಮ್ಯಾಲ ಕೊಡ್ತೀನಿ."

"ಸಂತ್ಯಾಗ ಬೆಲ್ಲದ ರುಚಿ ತೋರಸ್ತಾರಲ್ಲ, ಹಂಗೇನು? ನಾ ತಿನ್ನೂದೆಲ್ಲ ಮುಂದ ಇಡು."

"ಕರಗ್ತದ್ರಿ."

"ಕರಗಲಿ. ಅದರ ಸಲುವಾಗಿ ಶಿವಗ ಲಗು ಲಗು ಅನ್ನಲೇನು? ಅವಗೂ ಮೋಟಾರಿನ ಟೈಮ್ ಅದ ಏನು?"

ಅಡುಗೆಮನೆಗೆ ಬಂದೆ. ಅದು ಶಾವಿಗೆ ಹೊಸೆಯುವ ಕಾಲ. ಅಂಗಳದ ಕೋಲುಗಳ ಮೇಲೆಲ್ಲ ಶಾವಿಗೆ ಒಣಗುತ್ತಿತ್ತು. ಅಣ್ಣ ಬರುತ್ತಾನೆಂದು ಅಕ್ಕ ಹೊಸ ಶಾವಿಗೆ ಬೇಯಿಸಿ ಬುಟ್ಟಿಯಲ್ಲಿ ಬಸಿಯಲು ಇಟ್ಟಿದ್ದರು, ಅದು ಆರಿತ್ತು. ಮೂಲೆಯಲ್ಲಿ ನಮ್ಮ ತೋಟದ ಕೆಂಪು ಬಾಳೆಗೊನೆ ತೂಗುತ್ತಿತ್ತು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಸರಿಯಾಗಿ ಹದಕ್ಕೆ ಬಂದಿತ್ತು. ಹೇಗೂ ಕರಗುವುದಾದರೆ ಕರಗಿದ್ದನ್ನು ಹಿಡಿಯುವುದೊಂದು ಕೆಳಗಿರಲಿ ಎಂಬ ಉಪಾಯ ಯಾರಿಗೆ ಹೊಳೆಯಿತು? ನನಗೆ, ಎಂದು ನಾನು ಅಂದುಕೊಂಡಿದ್ದೇನೆ. ಅಕ್ಕ ಕೊನೆಯವರೆಗೂ ತಮಗೇ ಎಂದರು. ಅಣ್ಣ ಇಬ್ಬರಿಗೂ ಹೌದು ಎಂದು ತಲೆ ಆಡಿಸುತ್ತಿದ್ದ, ಹಾಗಾಗಿ ಅವನ ಸಾಕ್ಷಿ ಉಪಯೋಗವಿಲ್ಲ.

ಮಾಡಿದ್ದಂತೂ ಇಷ್ಟು. ಕಂಚಿನ ಬಟ್ಟಲಿನ ತಳಕ್ಕೆ ಶಾವಿಗೆ ಸಡಿಲವಾಗಿ ಹರಡಿದೆವು. ಅದರ ಮೇಲೆ ಬಾಳೆಹಣ್ಣಿನ ದಪ್ಪ ಬಿಲ್ಲೆಗಳು. ಅಕ್ಕ ಗಸಗಸೆ ಹುರಿದು, ಒಂದು ಚಿಟಿಕೆ ಏಲಕ್ಕಿಯೊಂದಿಗೆ ಉದುರಿಸಿದರು. ಕೊನೆಗೆ ಡಬ್ಬಿಯ ನಡುವಿನ ಗಡ್ಡೆಯನ್ನು ಒಡೆಯದಂತೆ ಎತ್ತಿ ಮೇಲೆ ಇಟ್ಟೆ. ಬೆಲ್ಲ, ಸಕ್ಕರೆ ಏನೂ ಬೇಕಿರಲಿಲ್ಲ. ಇಂದಿಗೂ ನಾನು ಬೇಸಿಗೆಯಲ್ಲಿ ಇದನ್ನು ಹೀಗೆಯೇ ಮಾಡುತ್ತೇನೆ, ಬಡಿಸುವ ಮುಂಚೆ ಬೇಕೆಂದೇ ಹೊರಗಿಟ್ಟು ಕಾಯುತ್ತೇನೆ.

ಬಟ್ಟಲನ್ನು ಅತ್ತೆಯ ಮುಂದೆ ಇಟ್ಟು ಮೂವರೂ ಬಾಗಿಲ ಹತ್ತಿರ ನಿಂತೆವು. ಗಡ್ಡೆ ಮೊದಲು ಹೊಳೆಯಿತು. ಆಮೇಲೆ ಒಂದು ಕಡೆ ವಾಲಿತು. ಬಾಳೆಯ ಬಿಲ್ಲೆಗಳ ಸಂದಿನಲ್ಲಿ ಬಿಳಿ ಇಳಿಯಿತು. ಅತ್ತೆ ಬಿಲ್ವದ ಎಲೆಯನ್ನು ಒರೆಸಿ, ತಿರುಗಿಸಿ ನೋಡಿ, ಇಟ್ಟರು, ಇನ್ನೊಂದನ್ನು ತೆಗೆದುಕೊಂಡರು. "ಎಲಿ ಒಂದೊಂದ ಯಾಕ, ಕೂಡೇ ಏರ್ಸಬಾರ್ದೇನು," ಎಂದು ಅಕ್ಕ ನನ್ನ ಕಿವಿಯಲ್ಲಿ ಅಂದರು. ಅತ್ತೆ ಓರೆಗಣ್ಣಿನಿಂದ ಒಮ್ಮೆ ನಮ್ಮ ಕಡೆ ನೋಡಿದರು.

ಆ ಹೊತ್ತಿನಲ್ಲಿ ನಾನು ದೇವರನ್ನು ಬೇಡಿಕೊಂಡೆ ಎಂದು ಬರೆಯಲು ಕೈ ಹೋಗುತ್ತದೆ. ಬೇಡಿಕೊಂಡಿರಲಿಕ್ಕಿಲ್ಲ. ಕಾಲು ಜೋಮು ಹಿಡಿದಿತ್ತು, ಅಣ್ಣನ ಧೋತರದಿಂದ ಉಪ್ಪಿನ ವಾಸನೆ ಬರುತ್ತಿತ್ತು. ಒಂದೇ ಹೆದರಿಕೆ: ಅವರು ಕೇಳಿದ್ದು ಬೆಳ್ಳಗೆ, ಗುಂಡಗೆ ಇದ್ದದ್ದನ್ನು. ಇದನ್ನು ನೋಡಿ ಬಟ್ಟಲು ಸರಿಸಿಬಿಟ್ಟರೆ ಇನ್ನು ಅವರ ಮುಂದೆ ಇಡಲು ನಮ್ಮ ಬಳಿ ಏನೂ ಉಳಿದಿರಲಿಲ್ಲ.

ಪೂಜೆ ಮುಗಿಯಿತು. ಅತ್ತೆ ಲಿಂಗವನ್ನು ಕೊರಳಿನ ಕರಡಿಗೆಯಲ್ಲಿ ಇಟ್ಟುಕೊಂಡು, ಬಟ್ಟಲು ಹತ್ತಿರ ಎಳೆದರು. ಮೇಲೆ ಏನೂ ಉಳಿದಿರಲಿಲ್ಲ.

"ಗುಂಡಂದು ಎಲ್ಲಿ ಅದ?"

"ಶಾವಿಗಿ ಕುಡದ ಬಿಟ್ಟಾದ್ರಿ," ಎಂದೆ.

ಅವರು ಬೆರಳಿನಿಂದ ಸ್ವಲ್ಪ ಶಾವಿಗೆ ಎತ್ತಿ, ಹಣ್ಣಿನ ಒಂದು ಬಿಲ್ಲೆಯೊಂದಿಗೆ ಬಾಯಿಗೆ ಇಟ್ಟುಕೊಂಡರು. ಬಹಳ ಹೊತ್ತು ಅಗಿದರು. "ಹಲ್ಲು ಜುಮ್ ಅನ್ಲಿಲ್ಲ," ಎಂದರು. ಮತ್ತೊಂದು ತುತ್ತು ತೆಗೆದುಕೊಂಡರು. ತುತ್ತುಗಳು ನಿಧಾನವಾಗಿ, ನಡುವೆ ದಣಿವಾರಿಸಿಕೊಳ್ಳುತ್ತ, ಆದರೆ ನಿಲ್ಲದೆ ಹೋದವು. ಕೊನೆಗೆ ಬಟ್ಟಲೆತ್ತಿ ತಳದಲ್ಲಿದ್ದದ್ದನ್ನು ಕುಡಿದರು.

ಐಸ್‌ಕ್ರೀಮ್ ಅತ್ತೆಯನ್ನು ಉಳಿಸಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ನನಗೆ ಆ ಕತೆ ಹಿಡಿಸುವುದಿಲ್ಲ. ಜ್ವರದ ಕಹಿ ಆ ವೇಳೆಗೆ ತಾನಾಗಿಯೇ ನಾಲಿಗೆ ಬಿಟ್ಟಿರಬಹುದು. ಮುಂದಿನ ಕೆಲವು ದಿನ ಅವರು ಮತ್ತೆ ಗಂಜಿಯನ್ನು ಅರ್ಧಕ್ಕೇ ಬಿಟ್ಟದ್ದೂ ಉಂಟು. ಆದರೆ ಆ ಮಧ್ಯಾಹ್ನ ಅವರು ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡು ಅಂದದ್ದು ಇದು:

"ಬರೇ ಸಿಹಿ ಆತು. ಬಾಯಿ ಅಂಟಂಟು ಆಗ್ಯಾದ. ಒಂದು ರೊಟ್ಟಿ ಬಡಿ ಹೋಗು. ಬಿಸೀದು. ಶೇಂಗಾ ಹಿಂಡಿ ಅದ ಇಲ್ಲ ಮನ್ಯಾಗ?"

ನಾನು ಓಡಿದೆ. ಬೆಂಕಿ ಆರಿತ್ತು, ಅಣ್ಣ ಊದಿದ. ಹಿಟ್ಟಿಗೆ ಎಸರು ಹೆಚ್ಚಾಯಿತು, ಮತ್ತೆ ಹಿಟ್ಟು ಹಾಕಿದೆ. ಮೊದಲ ರೊಟ್ಟಿಯನ್ನು ಶೇಂಗಾ ಹಿಂಡಿಯ ಚಟ್ನಿಪುಡಿ ಮತ್ತು ಎಣ್ಣೆಯೊಂದಿಗೆ ಅಕ್ಕ ತಟ್ಟೆಯಲ್ಲಿ ಒಯ್ದರು. ಪಡಸಾಲೆಯಿಂದ ಅತ್ತೆಯ ದನಿ ಕೇಳಿಸಿತು, ಏನೆಂದು ತಿಳಿಯಲಿಲ್ಲ. ಅಕ್ಕ ತಿರುಗಿ ಬಂದಾಗ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

"ಏನಂದ್ರು?"

"ಇದು ರೊಟ್ಟಿನೋ ದನದ ಹಿಂಡಿನೋ, ಇಷ್ಟು ದಪ್ಪ ಯಾರು ಬಡದಾರ ಅಂತ ಬೈಯಾಕತ್ತಾಳ," ಎಂದರು ಅಕ್ಕ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ತೆಳ್ಳಂದು ಇನ್ನೊಂದು ಬೇಕಂತ."

ನಾನು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದೆ.