ಮುಂದಿನ ಸೀಟು

ನಮಗೆ ಐದು ಜನ ಮಕ್ಕಳು ಎಂದರೆ ಮೆಲ್ಬರ್ನಿನ ಕನ್ನಡದವರು ಹುಬ್ಬೇರಿಸುತ್ತಿದ್ದರು. ಮೈಸೂರು, ಬೆಂಗಳೂರಿನಿಂದ ಬಂದ ಡಾಕ್ಟರು, ಎಂಜಿನಿಯರುಗಳ ಮನೆಗಳಲ್ಲಿ ಒಂದೋ ಎರಡೋ ಮಕ್ಕಳಿರುತ್ತಿದ್ದ ಕಾಲ ಅದು. ಅವರು ಬಾಯಿ ತೆರೆಯುವ ಮೊದಲೇ ನಾನೇ, “ಮೂರಕ್ಕೆ ನಿಲ್ಲಿಸೋಣ ಅಂದ್ಕೊಂಡ್ವಿ, ಮೂರನೇದು ಅವಳಿ ಆಗೋಯ್ತು. ಆಮೇಲೆ ನಾಲ್ಕಾದ್ರೇನು, ಐದಾದ್ರೇನು” ಎಂದು ನಕ್ಕುಬಿಡುತ್ತಿದ್ದೆ. ದೊಡ್ಡವಳಿಗೆ ಹದಿಮೂರು, ಅವಳ ತಮ್ಮನಿಗೆ ಹನ್ನೊಂದು, ಅವಳಿ ಗಂಡುಮಕ್ಕಳಿಗೆ ಒಂಬತ್ತು, ಕೊನೆಯವಳಿಗೆ ಏಳು. ನಾನು ಹೇಳಹೊರಟಿರುವುದು ತೊಂಬತ್ತರ ದಶಕದ ಮೊದಮೊದಲಿನ ಒಂದು ವಸಂತದ ವಿಷಯ, ಈ ಕೊನೆಯವಳ ವಿಷಯ.

ಆ ದೇಶದಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ. ಚಳಿಗಾಲವಿಡೀ ಹೀಟರ್ ಮುಂದೆ ಮುದುಡಿ ಕೂತಿದ್ದ ಮಕ್ಕಳು ಒಮ್ಮೆಲೇ ಹೊರಗೆ ಬೀಳುತ್ತಾರೆ. ಶಾಲೆ, ಕ್ಲಬ್ಬು, ಸಂಗೀತದ ಟೀಚರು ಎಲ್ಲರೂ ಮಾತಾಡಿಕೊಂಡವರಂತೆ ತಮ್ಮ ತಮ್ಮ ಕಾರ್ಯಕ್ರಮವನ್ನು ಆ ಮೂರು ತಿಂಗಳಿಗೇ ತಂದು ಸುರಿಯುತ್ತಾರೆ. ನಮ್ಮ ಮನೆಯಲ್ಲಿ ಮೂವರು ಗಂಡುಮಕ್ಕಳಿಗೂ ಕ್ರಿಕೆಟ್, ಅದೂ ಬೇರೆ ಬೇರೆ ಮೈದಾನದಲ್ಲಿ. ದೊಡ್ಡವಳಿಗೆ ಭರತನಾಟ್ಯ. ಅವಳಿಗಳಲ್ಲಿ ಒಬ್ಬನಿಗೆ ಪಿಟೀಲು. ಇನ್ನೊಬ್ಬನಿಗೆ ಅದು ಬೇಡವೆಂದು ಕೂಗಾಡುವುದೇ ಒಂದು ಅಭ್ಯಾಸ. ಚಿಕ್ಕವಳಿಗೆ ಈಜು. ಶನಿವಾರ ಮಧ್ಯಾಹ್ನ ಡ್ಯಾಂಡಿನಾಂಗ್ ಬಡಾವಣೆಯ ಒಂದು ಹಾಲ್‌ನಲ್ಲಿ ನಾನೇ ನಡೆಸುತ್ತಿದ್ದ ಕನ್ನಡ ಕ್ಲಾಸಿಗೆ ಐವರೂ ಬರಲೇಬೇಕು. ಇದಿಷ್ಟಕ್ಕೂ ಡ್ರೈವರ್ ನಾನೊಬ್ಬಳೇ. ನಮ್ಮ ಯಜಮಾನರಿಗೆ ಮೆಲ್ಬರ್ನಿನಲ್ಲಿದ್ದ ಕೆಲಸ ಹೋಗಿ ನಾರ್ತ್ ಸಿಡ್ನಿಯಲ್ಲಿ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ವಿಮಾನ ಹತ್ತಿದರೆ ಅವರು ಮನೆಗೆ ಬರುವುದು ಶುಕ್ರವಾರ ಸಂಜೆಗೆ.

ಆಗ ನಮ್ಮಲ್ಲಿದ್ದದ್ದು ಎಂಟು ಸೀಟಿನ ಹಳೆಯ ಬಿಳಿ ವ್ಯಾನು. ನನ್ನ ಪಕ್ಕದ ಒಂದು ಸೀಟಿಗಾಗಿ ಐವರೂ ದಿನಾ ಜಗಳವಾಡುತ್ತಿದ್ದರು. ಒಂದು ದಿನ ಪಿತ್ತ ನೆತ್ತಿಗೇರಿ ನಾನೊಂದು ಕಾನೂನು ಮಾಡಿದೆ. ವಾರವಿಡೀ ನನಗೆ ಯಾರು ಕನ್ನಡದಲ್ಲಿ ಉತ್ತರ ಕೊಡುತ್ತಾರೋ ಅವರಿಗೆ ಮುಂದಿನ ವಾರ ಮುಂದಿನ ಸೀಟು. ಕಡಿಮೆ ಕನ್ನಡ ಆಡಿದವರು ಕಟ್ಟಕಡೆಯ ಸಾಲಿನಲ್ಲಿ, ಕ್ರಿಕೆಟ್ ಚೀಲದ ಪಕ್ಕ. ಜಗಳಕ್ಕೂ ಔಷಧಿ, ಕನ್ನಡಕ್ಕೂ ಟಾನಿಕ್ ಎಂದು ನಾನು ಹಿಗ್ಗಿದೆ. ಬೇರೆ ತಾಯಂದಿರು ನನ್ನನ್ನು ನೋಡಿ ತಮ್ಮ ಕಾರುಗಳಲ್ಲೂ ಅದೇ ಕಾನೂನು ತಂದರು.

ಅವಳಿಗಳು ಕಿಲಾಡಿಗಳು. ಗುರುವಾರದವರೆಗೆ ಇಂಗ್ಲಿಷಿನಲ್ಲಿ ಕಿತ್ತಾಡಿ, ಶುಕ್ರವಾರ “ಅಮ್ಮಾ, ನಿಮ್ಮ ಸಾರು ತುಂಬಾ ಚೆನ್ನಾಗಿದೆ” ಎಂದು ನಾಟಕ ಮಾಡುತ್ತಿದ್ದರು. ನಾಲ್ವರೂ ಸರದಿಯಂತೆ ಮುಂದೆ ಕೂತರು. ಕೊನೆಯವಳಿಗೆ ಮಾತ್ರ ಒಂದು ವಾರವೂ ಆ ಸೀಟು ಸಿಗಲಿಲ್ಲ.

ಮೂರು ವರ್ಷದವಳಿದ್ದಾಗ ಅವಳೇ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡ ಆಡುತ್ತಿದ್ದಳು. “ಅಮ್ಮ, ಚಂದ್ರ ಯಾಕೆ ನಮ್ ಕಾರ್ ಹಿಂದೇನೇ ಬರ್ತಾನೆ” ಎಂದು ಪಟಪಟ ಕೇಳುತ್ತಿದ್ದ ಹುಡುಗಿ. ಶಾಲೆಗೆ ಹೋಗತೊಡಗಿದ ಮೇಲೆ ಕನ್ನಡ ಒಂದೊಂದೇ ಮಾತಾಗಿ ಕಡಿಮೆಯಾಯಿತು. ಆಮೇಲಾಮೇಲೆ ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರವೇ ಇಲ್ಲ. ವ್ಯಾನಿನಲ್ಲಿ ನಾನು “ಪುಟ್ಟೀ, ಟವೆಲ್ ತಂದ್ಯಾ?” ಎಂದರೆ ಅವಳು ತನ್ನ ಮುಂದಿನ ಸಾಲಿನಲ್ಲಿದ್ದ ದೊಡ್ಡಣ್ಣನ ಭುಜ ತಟ್ಟಿ, “ವಾಟ್ ಡಿಡ್ ಶೀ ಸೇ?” ಎನ್ನುತ್ತಿದ್ದಳು. ಅವನು ಹಿಂದೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ತಿಳಿಯುತ್ತಿತ್ತು, ಇಂಗ್ಲಿಷಿನಲ್ಲೇ ಉತ್ತರ ಬರುತ್ತಿತ್ತು. ಇದನ್ನು ನೋಡಿದ ಯಾವ ತಾಯಿಗಾದರೂ ಏನನ್ನಿಸುತ್ತದೆ? ಮಗಳು ಕನ್ನಡ ಮರೆಯುತ್ತಿದ್ದಾಳೆ, ಅದೂ ಬೇಕೆಂದೇ ಮರೆಯುತ್ತಿದ್ದಾಳೆ ಎಂದು ನನಗೆ ಅನ್ನಿಸಿತು.

ನಾನು ಅಣ್ಣನನ್ನೇ ಗದರಿದೆ. “ಇನ್ಮೇಲೆ ನೀನು ಅವಳಿಗೆ ಏನೂ ಟ್ರಾನ್ಸ್‌ಲೇಟ್ ಮಾಡ್ಕೂಡ್ದು. ಕನ್ನಡ ಅರ್ಥ ಆಗೋವರೆಗೂ ಸುಮ್ನೆ ಕೂತಿರ್ಲಿ.”

ಅವನು ಒಳ್ಳೆಯ ಹುಡುಗ, ಹೇಳಿದ ಮಾತು ಕೇಳುತ್ತಿದ್ದ. ಅಂದಿನಿಂದ ಅವಳು ಭುಜ ತಟ್ಟಿದರೂ ತಿರುಗಲಿಲ್ಲ. ಕೆಲವು ದಿನ ತಟ್ಟಿ ನೋಡಿ ಅವಳೂ ಬಿಟ್ಟುಬಿಟ್ಟಳು. ಕನ್ನಡಿಯಲ್ಲಿ ನೋಡಿದರೆ ಕ್ರಿಕೆಟ್ ಚೀಲಕ್ಕೆ ಒರಗಿಕೊಂಡು ಕಿಟಕಿಯಾಚೆ ನೋಡುತ್ತಿರುತ್ತಿದ್ದಳು. ಅಬ್ಬಾ ಎಷ್ಟು ಹಟ ಇವಳಿಗೆ ಎಂದುಕೊಳ್ಳುತ್ತಿದ್ದೆ.

ಅವರ ಅಪ್ಪನ ಹತ್ತಿರವೂ ಹಾಗೆಯೇ. ಸಂಜೆ ಸಿಡ್ನಿಯಿಂದ ಫೋನ್ ಬಂದರೆ ಐವರೂ ಸಾಲಾಗಿ ನಿಲ್ಲುತ್ತಿದ್ದರು. ಅವಳ ಸರದಿ ಬಂದಾಗ ರಿಸೀವರ್ ಹಿಡಿದು, “ಹಾಯ್ ಅಪ್ಪ, ಐ ಆಮ್ ಗುಡ್, ಬೈ” ಎಂದು ಒಂದೇ ಉಸಿರಿಗೆ ಹೇಳಿ ಗಾಳಿಯ ಹಾಗೆ ಮಾಯ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಎಸ್‌ಟಿಡಿ ಬಿಲ್ಲು ಉಳಿಸುವವಳು ಇವಳೊಬ್ಬಳೇ ಎಂದು ಅವರ ಅಪ್ಪನೂ ನಗುತ್ತಿದ್ದರು. ಆದರೂ ಒಮ್ಮೆ ಶುಕ್ರವಾರ ಬಂದವರು, “ಬಿಡೇ, ಮಗು ಅದು. ಇಂಗ್ಲಿಷಲ್ಲೇ ಹೇಳ್ಲಿ. ಯಾಕೆ ಹಿಂದೆ ಕೂರಿಸ್ತೀಯ” ಎಂದರು.

“ವಾರಕ್ಕೆರಡು ದಿನ ನೆಂಟರ ಥರ ಬರೋರಿಗೆ ಇದೆಲ್ಲ ಗೊತ್ತಾಗಲ್ಲ ರೀ” ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಪೇಪರ್ ಹಿಡಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಆ ವರ್ಷದ ದೀಪಾವಳಿ ಕಾರ್ಯಕ್ರಮಕ್ಕೆ ನನ್ನ ಕ್ಲಾಸಿನ ಮಕ್ಕಳಿಂದ ಒಂದು ನಾಟಕ ಮಾಡಿಸಿದೆ. ಕೊನೆಯವಳಿಗೆ ಒಂದೇ ಒಂದು ಮಾತು. ಬಾಗಿಲ ಹತ್ತಿರ ನಿಂತು, “ಅಜ್ಜೀ, ಬಾಗಿಲು ತೆಗಿ, ದೀಪ ತಂದಿದೀನಿ” ಎನ್ನಬೇಕು. ಅಕ್ಕ ಎದುರು ಕೂರಿಸಿಕೊಂಡು ಒಂದು ಸಂಜೆಯಲ್ಲಿ ಕಲಿಸಿದಳು. ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ, ಮನಸ್ಸು ಮಾಡಿದರೆ ಇವಳಿಗೆ ಬರುತ್ತದೆ, ಮನಸ್ಸೇ ಇಲ್ಲ ಎಂಬ ನನ್ನ ಅನುಮಾನ ಗಟ್ಟಿಯಾಯಿತು.

ಕಾರ್ಯಕ್ರಮದ ದಿನ ನಾನು ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತಿದ್ದೆ. ಅವಳ ಮಾತಿನ ಸರದಿ ಬಂತು. ಅವಳು ಮಣ್ಣಿನ ಹಣತೆ ಹಿಡಿದು ಸುಮ್ಮನೆ ನಿಂತಿದ್ದಳು. ನಾನು ಪಿಸುಗುಟ್ಟಿದೆ. ಆಮೇಲೆ ಸ್ವಲ್ಪ ಜೋರಾಗಿ ಹೇಳಿದೆ. ಮೊದಲ ಸಾಲಿನವರಿಗೆಲ್ಲ ಕೇಳಿಸಿತು, ಅವಳು ಮಾತ್ರ ಅಲ್ಲಾಡಲಿಲ್ಲ. ಅಜ್ಜಿಯ ವೇಷದ ಹುಡುಗಿ ಜಾಣೆ, ತಾನೇ ಬಾಗಿಲು ತೆಗೆದು ನಾಟಕ ಮುಂದುವರಿಸಿದಳು. ಕೊನೆಗೆ ಎಲ್ಲರೂ ಸಾಲಾಗಿ ಕೈಮುಗಿಯುವಾಗ ಇವಳಿಗೆ ಏನನ್ನಿಸಿತೋ, ಒಂದು ಹೆಜ್ಜೆ ಮುಂದೆ ಬಂದು, “ಅಜ್ಜೀ, ಬಾಗಿಲು ತೆಗಿ, ದೀಪ ತಂದಿದೀನಿ” ಎಂದು ಕೂಗಿದಳು. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಅವರು ನಗುವುದನ್ನು ನೋಡಿ ಅವಳೂ ನಕ್ಕಳು. ಊಟದ ಸಾಲಿನಲ್ಲಿ ಒಬ್ಬರು, “ಏನ್ರೀ, ಟೀಚರ್ ಮಗಳೇ ಹಿಂಗಾ?” ಎಂದು ತಮಾಷೆ ಮಾಡಿದರು. ನಾನು ಪುಳಿಯೋಗರೆಯ ತಟ್ಟೆ ಹಾಗೇ ಇಟ್ಟು ಮಕ್ಕಳನ್ನು ವ್ಯಾನಿಗೆ ಹತ್ತಿಸಿದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಬೈದೆ. ಮಾನ ಕಳೆದೆ ಎಂದೆ. ಇನ್ನು ಈ ವರ್ಷವಿಡೀ ಮುಂದಿನ ಸೀಟಿನ ಆಸೆ ಬಿಟ್ಟುಬಿಡು ಎಂದೆ. ಉಳಿದ ನಾಲ್ವರೂ ಉಸಿರು ಬಿಗಿಹಿಡಿದು ಕೂತಿದ್ದರು. ಅವಳು ಮಾತ್ರ ಹಣತೆಯ ಬತ್ತಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಆಡಿಕೊಳ್ಳುತ್ತಿದ್ದಳು. ಅದನ್ನು ಕನ್ನಡಿಯಲ್ಲಿ ನೋಡಿ ನನ್ನ ಕೋಪ ಇನ್ನೂ ಏರಿತು.

ಅದಾದ ವಾರವೇ ಈಜಿನ ಟೀಚರು ನನ್ನನ್ನು ಕರೆದರು. ವಯಸ್ಸಾದ ಆಸ್ಟ್ರೇಲಿಯನ್ ಹೆಂಗಸು, ಕಂದಿದ ಟೋಪಿ, ಕುತ್ತಿಗೆಯಲ್ಲಿ ಸೀಟಿ. ನಿಮ್ಮ ಮಗಳು ಸೀಟಿ ಊದಿದಾಗ ನೀರಿಗೆ ಧುಮುಕುವುದಿಲ್ಲ, ಪಕ್ಕದ ಮಗು ಧುಮುಕಿದ ಮೇಲೆ ಧುಮುಕುತ್ತಾಳೆ, ಅವಳ ಕಿವಿ ಯಾವಾಗಲಾದರೂ ತೋರಿಸಿದ್ದೀರಾ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಅವಳ ಶಾಲೆಯ ವರದಿಯಲ್ಲಿ ಒಂದು ದೂರೂ ಇಲ್ಲ, ಶಾಂತ ಸ್ವಭಾವದ ಮಗು ಎಂದು ಬರೆದಿದ್ದಾರೆ, ಇಂಗ್ಲಿಷ್ ಎಲ್ಲ ಚೆನ್ನಾಗಿ ತಿಳಿಯುತ್ತದೆ ಎಂದೆ. ಅವರು ವಾದ ಮಾಡಲಿಲ್ಲ. ಸುಮ್ಮನೆ ನನ್ನ ತೋಳು ಮುಟ್ಟಿ ಹೋದರು.

ಮರುದಿನ ಬೆಳಗ್ಗೆ ಜಡೆ ಹಾಕುತ್ತಿದ್ದೆ. ದಿನಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಬಾಚುತ್ತ ಏನಾದರೂ ಮಾತಾಡುತ್ತಲೇ ಇರುತ್ತಿದ್ದೆ. ಅವಳು ಹೂಂ ಅನ್ನುತ್ತಿರಲಿಲ್ಲ. ಅದೂ ನನ್ನ ದೂರುಗಳಲ್ಲಿ ಒಂದು. ಅವತ್ತು, “ಪುಟ್ಟೀ, ಇವತ್ತು ಸ್ಕೂಲಿಗೆ ರಜಾ ಹಾಕ್ತೀಯಾ?” ಎಂದೆ. ಉತ್ತರವಿಲ್ಲ. ಬಾಚಣಿಗೆ ಕೈಯಲ್ಲೇ ನಿಂತಿತು. ಹುಟ್ಟಿದಾಗಿನಿಂದ ಆ ಮಗುವಿನ ಜೊತೆ ನಾನು ಇಂಗ್ಲಿಷ್ ಆಡಿದವಳಲ್ಲ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಕೇಳಿದೆ. ಐಸ್‌ಕ್ರೀಮ್ ಬೇಕಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳ ಸ್ನೇಹಿತೆಯ ಹೆಸರು ಹೇಳಿ, ಅವಳು ಬಂದಿದ್ದಾಳೆ ನೋಡು ಎಂದೆ. ಅವಳು ಕಾಲು ತೂಗಾಡಿಸುತ್ತ ಗೋಡೆ ನೋಡುತ್ತ ಕೂತಿದ್ದಳು.

ನನ್ನ ಕನ್ನಡಕ್ಕೆ ಮಾತ್ರ ಕಿವುಡಾಗಿದ್ದಾಳೆಂದು ನಾನು ಅಷ್ಟು ದಿನ ಜಗಳವಾಡಿದ್ದೆ.

ಕಿವಿಯ ಪರೀಕ್ಷೆ ಮಾಡಿದವಳು ಚಿಕ್ಕ ವಯಸ್ಸಿನ ಹುಡುಗಿ. ಶಬ್ದ ಕೇಳಿದಾಗೆಲ್ಲ ಒತ್ತು ಎಂದು ಮಗುವಿನ ಕೈಗೆ ಒಂದು ಗುಂಡಿ ಕೊಟ್ಟಳು. ಮೂಲೆಯಲ್ಲಿ ಕೂತ ನನಗೆ ಕೇಳಿಸುತ್ತಿದ್ದ ಎಷ್ಟೋ ಶಬ್ದಗಳಿಗೆ ಮಗುವಿನ ಬೆರಳು ಅಲುಗಲಿಲ್ಲ. ಅವಳು ಆ ಹುಡುಗಿಯ ಮುಖವನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಆಮೇಲೆ ಆ ಹುಡುಗಿ ನನಗೆ ನಿಧಾನವಾಗಿ ವಿವರಿಸಿದಳು. ಕಿವಿಯ ನರದ ತೊಂದರೆ, ಕೆಲವು ವರ್ಷಗಳಿಂದ ಕೇಳಿಸುವುದು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂದಿದೆ, ಹೋದದ್ದು ವಾಪಸ್ ಬರುವುದಿಲ್ಲ, ಕಿವಿಗೆ ಯಂತ್ರ ಹಾಕಿಸಬೇಕು. ಇಷ್ಟು ದಿನ ಮಗು ಎದುರಿನವರ ತುಟಿ ನೋಡಿ ಮಾತು ಊಹಿಸುತ್ತಿತ್ತು. ಶಾಲೆಯಲ್ಲಿ ಟೀಚರು ಎದುರು ನಿಂತು ಆಡಿದ ಇಂಗ್ಲಿಷ್ ತುಟಿಗಳು ಅವಳಿಗೆ ರೂಢಿಯಾಗಿವೆ. ಮನೆಯಲ್ಲೂ ಒಂದೇ ಭಾಷೆ ಇರಲಿ, ಇಂಗ್ಲಿಷೇ ಇರಲಿ ಎಂದಳು. ಆಗೆಲ್ಲ ಹಾಗೆಯೇ ಹೇಳುತ್ತಿದ್ದರು. ಈಗಿನವರು ಎರಡು ಭಾಷೆಯಾದರೂ ತೊಂದರೆಯಿಲ್ಲ ಎನ್ನುತ್ತಾರಂತೆ. ನನಗದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು.

ಕೊನೆಗೆ ಆ ಹುಡುಗಿ ಎದ್ದು ನಿಂತು, ಯಾವಾಗಲೂ ನಿಮ್ಮ ಮುಖ ಕಾಣುವ ಹಾಗೆ ಹತ್ತಿರ ಕೂರಿಸಿಕೊಳ್ಳಿ, ಕಾರಿನಲ್ಲಾದರೆ ಮುಂದಿನ ಸೀಟಿನಲ್ಲಿ ಎಂದಳು. ನಾನು ಆಗಲಿ ಎಂದು ತಲೆಯಾಡಿಸಿದೆ.

ರಾತ್ರಿ ಫೋನಿನಲ್ಲಿ ಯಜಮಾನರಿಗೆ ಹೇಳಿದೆ. “ಅದಕ್ಕೇನಾ ಅವಳು ನಾನು ಏನಾದ್ರೂ ಕೇಳೋಕೆ ಮುಂಚೆನೇ ಬೈ ಅಂತಿದ್ದಿದ್ದು” ಎಂದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅವಳು ಚೆನ್ನಾಗಿಯೇ ಬೆಳೆದಳು. ಓದಿದಳು, ಗೆಳತಿಯರನ್ನು ಮಾಡಿಕೊಂಡಳು. ಐದು ಮಕ್ಕಳಲ್ಲಿ ನಾನು ಇಂಗ್ಲಿಷಿನಲ್ಲಿ ಮಾತಾಡುವುದು ಅವಳೊಬ್ಬಳ ಜೊತೆ. ನನ್ನ ಇಂಗ್ಲಿಷಿನಲ್ಲಿ ಬೈಗುಳವೂ ಸರಿಯಾಗಿ ಬರುವುದಿಲ್ಲ, ಮುದ್ದೂ ಬರುವುದಿಲ್ಲ. ಹೀಗಾಗಿ ಅವಳಿಗೆ ನಾನು ಬೇರೆಯೇ ಒಬ್ಬ ತಾಯಿ, ಕಡಿಮೆ ಮಾತಿನವಳು. ಇದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಪರೀಕ್ಷೆಯ ಮರುದಿನ ಕ್ರಿಕೆಟ್ ಇತ್ತು, ನೃತ್ಯವೂ ಇತ್ತು. ಲೋಕ ನಮಗಾಗಿ ನಿಲ್ಲಲಿಲ್ಲ. ನಾನು ವ್ಯಾನಿನಲ್ಲಿ ಕೂತು ಹಾರ್ನ್ ಮಾಡಿದೆ. ದೊಡ್ಡವಳು ಬಂದು ನಡುವಿನ ಸಾಲಿನಲ್ಲಿ ಕೂತಳು. ಅವಳ ತಮ್ಮ ಬಂದು ಅವಳ ಪಕ್ಕ ಕೂತ. ಅವಳಿಗಳು ಮುಂದಿನ ಬಾಗಿಲು ದಾಟಿ, ಯಾರೂ ಹೇಳದಿದ್ದರೂ, ಹಿಂದೆ ಹೋದರು. ನನ್ನ ಪಕ್ಕದ ಸೀಟು ಖಾಲಿಯಿತ್ತು.

ಕೊನೆಯವಳು ಶೂ ಸಿಕ್ಕಿಸಿಕೊಳ್ಳುತ್ತ ಓಡಿಬಂದಳು. ಖಾಲಿ ಸೀಟನ್ನು ನೋಡಿದಳು. ನೋಡಿ, ದಿನದ ಹಾಗೆ ಹಿಂದಿನ ಬಾಗಿಲ ಕಡೆ ನಡೆದಳು. “ಪುಟ್ಟೀ, ಮುಂದೆ ಬಾ” ಎಂದು ಕೂಗಿದೆ. ಕೂಗಿದ ಮೇಲೆ ನೆನಪಾಯಿತು. ಇಳಿದು, ಸುತ್ತು ಹಾಕಿ ಹೋಗಿ, ಅವಳ ಎದುರು ಕೂತು, ಕೈ ಹಿಡಿದು ಮುಂದಿನ ಬಾಗಿಲು ತೋರಿಸಿದೆ.

ಅವಳು ನನ್ನ ಮುಖವನ್ನು ಹುಡುಕುವ ಹಾಗೆ ನೋಡಿದಳು. ಮೋಸ ಮಾಡಲು ಒಪ್ಪದ ಮಕ್ಕಳ ದನಿ ಅದು, ಬಹಳ ಮೆಲ್ಲಗೆ ಬಂತು: “ಬಟ್ ಅಮ್ಮ, ಐ ಡಿಡಂಟ್ ಡು ಮೈ ಕನ್ನಡ.”