ನಾಲ್ಕು ಖಾಲಿ ಸಾಲು

ನಮ್ಮ ಪಂಚಾಯಿತಿ ಗುಮಾಸ್ತರ ಅಕ್ಷರ ನೋಡಿದವರು ಯಾರೂ ಅವರನ್ನು ಕೆಟ್ಟವರು ಅನ್ನಲಾರರು. ಅಷ್ಟು ದುಂಡಗಿನ ಅಕ್ಷರ. ಊರಲ್ಲಿ ಅವರಿಗೆ ದುಂಡಕ್ಷರ ಅಂತಲೇ ಅಡ್ಡಹೆಸರು. ಅಂಗಡಿಯ ಬೋರ್ಡಿನಿಂದ ಹಿಡಿದು ಗೋರಿಯ ಕಲ್ಲಿನವರೆಗೆ ಏನು ಬರೆಸಬೇಕಿದ್ದರೂ ಜನ ಮೊದಲು ಅವರ ಹತ್ತಿರ ಬಂದು ಒಂದು ಹಾಳೆಯ ಮೇಲೆ ಬರೆಸಿಕೊಂಡು ಹೋಗುತ್ತಿದ್ದರು. ನಾನು ಆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಸ ಗುಡಿಸಿದವಳು, ಚಹಾ ಕೊಟ್ಟವಳು, ಸಭೆಗೆ ಕುರ್ಚಿ ಜೋಡಿಸಿದವಳು. ಆ ದುಂಡಕ್ಷರ ಅವರ ಸ್ವಂತ ಅಕ್ಕನ ಕಣ್ಣು ತಿಂದಿದ್ದನ್ನು ಪಕ್ಕದಲ್ಲೇ ನಿಂತು ನೋಡಿದವಳು. ಬರೀ ನೋಡಿದೆ ಅಂದರೆ ಸುಳ್ಳಾಗುತ್ತದೆ. ಅದರಲ್ಲಿ ನನ್ನ ಕೈಯೂ ಇದೆ.

ಅಕ್ಕ ಅಂದರೆ ಊರಿಗೆಲ್ಲ ಟೈಲರಮ್ಮ. ಅಪ್ಪ ಅಮ್ಮ ಬೇಗ ಹೋದಾಗ ಆಕೆಗೆ ಹದಿನೇಳು, ತಮ್ಮನಿಗೆ ಎಂಟು. ಹೊಲಿಗೆ ಮಿಷನ್ ತುಳಿದೇ ಅವನನ್ನು ಓದಿಸಿದರು, ಮದುವೆ ಮಾಡಿಸಿದರು. ತಾವು ಮಾತ್ರ ಮದುವೆಯ ಮಾತೆತ್ತಿದವರಿಗೆಲ್ಲ "ನನ್ನ ಅಳತೆಗೆ ಸರಿಯಾದವನು ಸಿಕ್ಕಿಲ್ಲ ಕಣೇ" ಅಂತ ನಗುತ್ತಲೇ ಅರವತ್ತು ದಾಟಿಬಿಟ್ಟರು. ಹಿಂದಿನ ಬೀದಿಯಲ್ಲಿ ಅವರದ್ದೊಂದೇ ಕೋಣೆ. ಮುಂಭಾಗದಲ್ಲಿ ಅಂಗಡಿ, ಪರದೆಯ ಹಿಂದೆ ಒಲೆ ಮತ್ತು ಮಂಚ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕಿಟಕಿಯ ಕೆಳಗೆ ಮಿಷನ್. ಗುಂಡಿಯ ಕಾಜಾ ಕೈಯಲ್ಲಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಮಿಷನ್ ಕಾಜಾ ಮಾಡಿಕೊಡಿ ಅಂದರೆ "ಅದು ಕಾಜಾ ಅಲ್ಲ, ತೂತು" ಅಂತ ಬಟ್ಟೆ ವಾಪಸ್ ಕೊಡುತ್ತಿದ್ದರು. ಕಣ್ಣು ಮೊದಲಿನ ಹಾಗಿರಲಿಲ್ಲ. ಬಲ್ಬಿನ ಬೆಳಕಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುತ್ತಿರಲಿಲ್ಲ. ಹಗಲಲ್ಲಿ, ಆ ಕಿಟಕಿಯ ಬೆಳಕಲ್ಲಿ ಮಾತ್ರ ಕಾಣುತ್ತಿತ್ತು.

ಕಿಟಕಿಯ ಆಚೆಗಿನ ಖಾಲಿ ಜಾಗವನ್ನು ಗೊಬ್ಬರದಂಗಡಿ ಸಾಹುಕಾರರು ಕೊಂಡರು. ಮೂರು ಅಂತಸ್ತಿನ ಗೋದಾಮು ಕಟ್ಟುತ್ತೇವೆ ಅಂತ ಪಂಚಾಯಿತಿಗೆ ನಕ್ಷೆ ಕೊಟ್ಟರು. ನಕ್ಷೆಯ ಪ್ರಕಾರ ಗೋಡೆಗೂ ಟೈಲರಮ್ಮನ ಕಿಟಕಿಗೂ ನಡುವೆ ಉಳಿಯುವುದು ಒಂದು ಮೊಳ. ಅವರೊಬ್ಬರೇ ಅಲ್ಲ, ಆ ಸಾಲಿನ ಏಳು ಮನೆಗೂ ಅದೇ ಗತಿ.

ಇಂಥದ್ದಕ್ಕೆ ಒಂದು ನಿಯಮವಿದೆ. ತಿಂಗಳ ಮೊದಲ ಮಂಗಳವಾರ ಸಭೆ. ಅಕ್ಕಪಕ್ಕದವರು ಯಾರಾದರೂ ಬಂದು ತಕರಾರು ಹೇಳಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾದರೆ ಕೆಲಸ ನಿಲ್ಲಬೇಕು. ಮೇಲಿನ ಕಚೇರಿಯವರು ಬಂದು ಜಾಗ ನೋಡಿದ ಮೇಲೇ ಮುಂದಿನ ಮಾತು. ಪುಸ್ತಕದಲ್ಲಿ ಇಲ್ಲದಿದ್ದರೆ ಯಾರು ಎಷ್ಟು ಗಂಟಲು ಹರಿದುಕೊಂಡರೂ ಅದು ಗಾಳಿಗೆ ಹೋದ ಮಾತು.

ಆದರೆ ನಮ್ಮ ಗುಮಾಸ್ತರು ನಡಾವಳಿಯನ್ನು ಸೋಮವಾರವೇ ಬರೆದಿಡುತ್ತಿದ್ದರು! ಮಂಗಳವಾರ ನಡೆಯಬೇಕಾದ ಸಭೆಯನ್ನು ಸೋಮವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ನಿಧಾನವಾಗಿ, ಒಂದು ಚಿತ್ತಿಲ್ಲದೆ ಬರೆದು ಮುಗಿಸುವರು. 'ಸದರಿ ಕಟ್ಟಡದ ಬಗ್ಗೆ ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ. ಅನುಮತಿ ನೀಡಲು ತೀರ್ಮಾನಿಸಲಾಯಿತು.' ಇದನ್ನು ಅವರು ಎಷ್ಟು ನೂರು ಸಲ ಬರೆದಿದ್ದಾರೋ! ಮೋಸಕ್ಕಲ್ಲ ಮಾರಾಯರೇ. ನಮ್ಮ ಸಭೆಗೆ ಬರುತ್ತಿದ್ದವರೇ ಒಂಬತ್ತು ಜನ ಸದಸ್ಯರು. ತಕರಾರು ಹೇಳಲು ನಾಯಿಯೂ ಇಣುಕುತ್ತಿರಲಿಲ್ಲ. ಆ ಒಂಬತ್ತು ಜನವೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಿದ್ದರು. ಆಮೇಲೆ ಸಹಿಗಾಗಿ ಮನೆಮನೆ ಅಲೆಯುವವರು ಯಾರು? ಅದಕ್ಕೆ ಪುಟವನ್ನು ಮೊದಲೇ ಬರೆದು, ಬಾಗಿಲಲ್ಲೇ ಸಹಿ ಹಾಕಿಸಿಬಿಡುವುದು. ಬಾಗಿಲಲ್ಲಿ ಪುಸ್ತಕ, ಪೆನ್ನು ಹಿಡಿದು ನಿಲ್ಲುತ್ತಿದ್ದವಳು ನಾನು. ಅಪ್ಪಿತಪ್ಪಿ ಸಭೆಯಲ್ಲಿ ಹೊಸದೇನಾದರೂ ಬಂದರೆ ಸೇರಿಸಲು ಅಂತ ಬರಹಕ್ಕೂ ಸಹಿಗಳಿಗೂ ನಡುವೆ ನಾಲ್ಕು ಸಾಲು ಖಾಲಿ ಬಿಟ್ಟಿರುತ್ತಿದ್ದರು. ನಾನಿದ್ದ ಅಷ್ಟೂ ವರ್ಷಗಳಲ್ಲಿ ಆ ಸಾಲುಗಳಿಗೆ ಕೆಲಸ ಬಿದ್ದದ್ದು ಎರಡು ಸಲ.

ಸಭೆಗೆ ವಾರ ಇರುವಾಗ ಗುಮಾಸ್ತರು ಅಕ್ಕನ ಹತ್ತಿರ ಹೋಗಿದ್ದರು. ನಾನೂ ನನ್ನದೊಂದು ರವಿಕೆ ತರಲು ಹೋಗಿದ್ದೆ.

"ಅಕ್ಕಾ, ಸಭೆಗೆ ಬಂದು ಒಂದು ಮಾತು ಹೇಳು. ನಾನು ಬರ್ಕೊಳ್ತೀನಿ. ಅಷ್ಟು ಸಾಕು, ಕೆಲ್ಸ ನಿಲ್ಲುತ್ತೆ."

"ಅಷ್ಟು ಜನ ಗಂಡಸರ ಮುಂದೆ ನಾನೇನೋ ಮಾತಾಡ್ಲಿ? ನಂಗೆ ನಾಲಿಗೆ ಏಳಲ್ಲ. ನೀನೇ ಬರ್ದುಬಿಡೋ."

"ನಾನೇ ಹೇಗೆ ಬರೀಲಿ? ಸ್ವಂತ ಅಕ್ಕನ ಪರ ಸುಳ್ಳು ಬರ್ದ ಅಂತಾರೆ. ನೀನು ಬಾಯಿ ಬಿಟ್ಟು ಹೇಳ್ಬೇಕು."

"ಆಗಲ್ಲ ಕಣೋ. ಸುಮ್ನೆ ಬಿಡು, ದೇವರು ಇಟ್ಟ ಹಾಗಾಗ್ಲಿ" ಅಂತ ಅವರು ಮಿಷನ್ ತುಳಿಯತೊಡಗಿದರು. ಅಕ್ಕನ ಹಟ ಗೊತ್ತಿದ್ದ ಗುಮಾಸ್ತರು ಎದ್ದು ಬಂದರು. ಸೋಮವಾರ ಊಟ ಮುಗಿಸಿ, ಕೈ ಒರೆಸಿಕೊಂಡು, ಎಂದಿನಂತೆ ಬರೆದರು.

ಮಂಗಳವಾರ ಆಕೆ ಬಂದುಬಿಟ್ಟರು.

ಒಬ್ಬರೇ ಅಲ್ಲ. ಸಾಲಿನ ಏಳೂ ಮನೆಯವರು. ಟೈಲರಮ್ಮನದು ಗರಿಗರಿ ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಮುದ್ದೆಯಾದ ಕರವಸ್ತ್ರ. ಕನ್ನಡಕ ಮನೆಯಲ್ಲೇ ಮರೆತಿದ್ದರು. ನನಗಂತೂ ಅವರನ್ನು ನೋಡಿ ಖುಷಿಯೋ ಖುಷಿ. ಸದಸ್ಯರು ಆಗಲೇ ಕೆಳಗೆಲ್ಲ ಸಹಿ ಗೀಚಿ ಒಳಗೆ ಹೋಗಿದ್ದರು. ಸಭೆಗೆ ಬಂದವರೆಲ್ಲ ಪುಸ್ತಕದಲ್ಲಿ ಸಹಿ ಹಾಕಬೇಕು, ಇವರಿಗೆ ಜಾಗವೇ ಇರಲಿಲ್ಲ.

"ಎಲ್ಲೇ ಹಾಕ್ಲಿ?" ಅಂತ ಟೈಲರಮ್ಮ ಕಣ್ಣು ಕಿರಿದು ಮಾಡಿ ಕೇಳಿದರು.

"ಇಲ್ಲಿ ಮೇಲ್ಗಡೆ ಖಾಲಿ ಇದೆಯಲ್ಲ ಅಕ್ಕಾ, ಇಲ್ಲೇ ಹಾಕಿ" ಅಂದೆ.

ನಾನೇ ಬೆರಳಿಟ್ಟು ತೋರಿಸಿದೆ. ಅವರು ಹಾಕಿದರು, ಹಿಂದಿನವರೂ ಹಾಕಿದರು. ನಾಲ್ಕು ಸಾಲೂ ತುಂಬಿದವು. ನಾನು ಏಳನೇ ಕ್ಲಾಸು ಓದಿದವಳು. ಮೇಲೆ ಬರೆದದ್ದನ್ನು ಓದಲು ನನಗೆ ಬರುತ್ತಿತ್ತು. ಓದಲಿಲ್ಲ. ನನ್ನ ಹಾಳು ಬುದ್ಧಿಗೆ ಬೆಂಕಿ ಹಾಕ.

ಒಳಗೆ ಆಕೆ ಎದ್ದು ನಿಂತು ಮಾತಾಡಿದರು. ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. "ನಂಗೆ ಬೇರೆ ಏನೂ ಬೇಡ ಸ್ವಾಮಿ. ನನ್ನ ಕಿಟಕಿ ಬೆಳಕು ನಂಗೆ ಬಿಡಿ. ಅದು ಹೋದ್ರೆ ನನ್ನ ಕೈಗೆ ಕೆಲ್ಸ ಇಲ್ಲ. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಕೂತ್ಕೊಳ್ಳೋಳಲ್ಲ ನಾನು" ಅಂದರು. ಮಿಕ್ಕ ಆರು ಮನೆಯವರೂ ದನಿಗೂಡಿಸಿದರು. ಸಾಹುಕಾರರ ಕಡೆಯವರು ಎದ್ದರು. ಕೂಗಾಟವೋ ಕೂಗಾಟ. ಅಧ್ಯಕ್ಷರು ಮೇಜು ಗುದ್ದಿ, "ಆಯ್ತು, ಆಯ್ತು! ಬರ್ಕೊಳ್ಳಿ ಗುಮಾಸ್ತ್ರೇ. ಸಭೆ ಮುಗೀತು" ಅಂದರು.

ಗುಮಾಸ್ತರ ಮುಖ ಅರಳಿತ್ತು. ಅಕ್ಕನನ್ನು ಹಾಗೆ ಅವರು ಯಾವತ್ತೂ ನೋಡಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಪುಸ್ತಕ ಎಳೆದುಕೊಂಡು, ಪುಟ ತೆರೆದರು. ಖಾಲಿ ಬಿಟ್ಟಿದ್ದ ನಾಲ್ಕು ಸಾಲಿನಲ್ಲೂ ಸಹಿ. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ಯಾರಮ್ಮಾ ಸಹಿ ಹಾಕ್ಸಿದ್ದು?" ಅಂದರು.

ಮುಂದಿನ ಪುಟದಲ್ಲಿ ಎಲ್ಲವನ್ನೂ ಬರೆದರು. ಏಳು ಮನೆಯವರ ಮಾತು ಒಂದನ್ನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಸಹಿಗಾಗಿ ಅಧ್ಯಕ್ಷರ ಮುಂದೆ ಹಿಡಿದರೆ, "ಒಂದು ಸಭೆಗೆ ಎರಡು ಸಲ ಸಹಿನಾ? ಮೊದ್ಲೇ ಬರ್ದಿಟ್ಟಿದ್ದೆ ಅಂತ ನೀವೇ ಬರ್ದು ಕೊಡ್ತೀರೇನ್ರಿ?" ಅಂತ ಕೇಳಿದರು. ಗುಮಾಸ್ತರು ಪುಸ್ತಕ ಮುಚ್ಚಿದರು. ಸಹಿಯಿಲ್ಲದ ಆ ಪುಟ ಸಹಿಯಿಲ್ಲದೆಯೇ ಉಳಿಯಿತು. ಮೂರೇ ದಿನಕ್ಕೆ ಸಾಹುಕಾರರ ಕೈಗೆ ಅನುಮತಿ ಪತ್ರ ಸಿಕ್ಕಿತು.

ಏಳು ಮನೆಯವರೂ ಮೇಲಿನ ಕಚೇರಿಗೆ ಅರ್ಜಿ ಹಾಕಿದರು. ಅಲ್ಲಿ ವಿಚಾರಣೆಯ ದಿನ ಉದ್ದನೆಯ ಬೆಂಚಿನ ಮೇಲೆ ಗುಮಾಸ್ತರನ್ನೂ ಟೈಲರಮ್ಮನನ್ನೂ ಪುಸ್ತಕ ಹೊತ್ತು ಹೋಗಿದ್ದ ನನ್ನನ್ನೂ ಕೂರಿಸಿದರು. ಗೋಡೆಯ ಮೇಲಿನ ಗಡಿಯಾರ ಹತ್ತು ನಿಮಿಷ ಹಿಂದಿತ್ತು, ಅದು ಯಾಕೋ ಇನ್ನೂ ನೆನಪಿದೆ. ಅಧಿಕಾರಿ ಸಣ್ಣ ವಯಸ್ಸಿನವರು, ಸಿಡುಕರಲ್ಲ. ಪುಸ್ತಕ ತಿರುಗಿಸಿ ಟೈಲರಮ್ಮನ ಮುಂದಿಟ್ಟರು.

"ಈ ಸಹಿ ನಿಮ್ದೇನಮ್ಮಾ?"

"ನಂದೇ."

"ಅದರ ಮೇಲಿನ ಸಾಲು ಓದಿ."

ಈ ಸಲ ಕನ್ನಡಕ ತಂದಿದ್ದರು. ಓದಿದರು. ತಮ್ಮನ ದುಂಡಕ್ಷರ. ಆ ಅಕ್ಷರ ತಿದ್ದಿಸಿದವರೇ ಅವರು, ಸ್ಲೇಟಿನ ಮೇಲೆ ಕೈ ಹಿಡಿದು. ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ. ಅದರ ಕೆಳಗೆ ಮೊದಲ ಸಹಿಯೇ ಅವರದು. ಅಧಿಕಾರಿ ಗುಮಾಸ್ತರ ಕಡೆ ತಿರುಗಿದರು.

"ನೋಡಿ, ನಾನು ನೇರವಾಗಿ ಕೇಳ್ತೀನಿ. ಇದನ್ನ ಸಭೆ ಆದ ಮೇಲೆ ಬರೆದ್ರೋ, ಮೊದ್ಲೇ ಬರೆದಿಟ್ರೋ? ಮೊದ್ಲೇ ಅಂದ್ರೆ ಈ ಅನುಮತಿ ಇವತ್ತೇ ರದ್ದು. ಆದ್ರೆ ಅದು ಸುಳ್ಳು ದಾಖಲೆ ಆಗುತ್ತೆ, ನಿಮ್ಮ ಕೆಲ್ಸ ಹೋಗುತ್ತೆ, ಪಿಂಚಣಿನೂ ಸಿಗಲ್ಲ. ಯೋಚನೆ ಮಾಡಿ ಹೇಳಿ."

ಗುಮಾಸ್ತರ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ನಾನು ಅವರ ಪಕ್ಕದಲ್ಲೇ ಕೂತಿದ್ದೆ, ಹೇಳಬಹುದಿತ್ತು. ನನ್ನ ಬಾಯಿಗೂ ಬೀಗ ಬಿದ್ದಿತ್ತು.

ಟೈಲರಮ್ಮ ತಮ್ಮನ ಮುಖವನ್ನೇ ನೋಡಿದರು. ಕನ್ನಡಕ ತೆಗೆದು ಮಡಚಿ ಕರವಸ್ತ್ರದೊಳಗೆ ಸುತ್ತಿದರು.

"ಅವನ್ನ ಯಾಕೆ ಕೇಳ್ತೀರಾ ಸ್ವಾಮಿ? ಅವತ್ತು ಸಭೇಲಿ ನಾವ್ಯಾರೂ ಏನೂ ಹೇಳಿಲ್ಲ. ಮನೆಗೆ ಹೋದ ಮೇಲೆ ಹೊಳೀತು. ಅದಕ್ಕೇ ಅರ್ಜಿ ಹಾಕಿದ್ವಿ. ತಪ್ಪು ನಮ್ದೇ."

"ಅಕ್ಕಾ!" ಅಂದರು ಗುಮಾಸ್ತರು. ಅಷ್ಟೇ. ಅದರ ಮುಂದಿನ ಮಾತು ಬರುತ್ತದೆ ಅಂತ ಅಧಿಕಾರಿ ಕಾದರು, ನಾನು ಕಾದೆ, ಗೋಡೆಯ ಹತ್ತಿರ ನಿಂತಿದ್ದ ಆರು ಮನೆಯವರೂ ಕಾದರು. ಬರಲಿಲ್ಲ. ಆರು ಮನೆಯವರು ಎಷ್ಟೇ ಕೂಗಿಕೊಂಡರೂ ಅವರ ಸಹಿಗಳೂ ಅಲ್ಲೇ ಇದ್ದವು. ಅಧಿಕಾರಿ ಅರ್ಜಿ ವಜಾ ಅಂತ ಬರೆದರು.

ಹೊರಗೆ ಬಂದ ಮೇಲೆ ಆರು ಮನೆಯವರು ಆಕೆಯ ಮುಖಕ್ಕೆ ಉಗುಳುವುದೊಂದು ಬಾಕಿ. "ಸಾಹುಕಾರನಿಗೆ ಮಾರ್ಕೊಂಡ್ಯಾ? ನಮ್ಮನ್ನ ಎಬ್ಬಿಸ್ಕೊಂಡು ಹೋದವಳೂ ನೀನೇ, ಮುಳುಗಿಸಿದವಳೂ ನೀನೇ!" ಅಂದರು. ಅವರದೇನು ತಪ್ಪು? ಅವರ ಮನೆಗಳಿಗೂ ಕತ್ತಲೆ ಬಂತಲ್ಲ. ಆಕೆ ತಲೆ ತಗ್ಗಿಸಿ ಎಲ್ಲ ಹೊಟ್ಟೆಗೆ ಹಾಕಿಕೊಂಡರು. ಆ ಬೀದಿಯಿಂದ ಆಮೇಲೆ ಒಂದು ತುಂಡು ಬಟ್ಟೆಯೂ ಅವರ ಅಂಗಡಿಗೆ ಬರಲಿಲ್ಲ.

ಗೋಡೆ ಎದ್ದಿತು. ಮೊದಲ ಅಂತಸ್ತಿಗೆ ಮಿಷನ್ ಮೇಲಿನ ಬೆಳಕು ಹೋಯಿತು, ಎರಡನೆಯದಕ್ಕೆ ಕೋಣೆಯ ಬೆಳಕೇ ಹೋಯಿತು. ಮೂರನೆಯದಕ್ಕೆ ಹೋಗಲು ಏನೂ ಉಳಿದಿರಲಿಲ್ಲ. ಬಲ್ಬಿನಡಿ ಹೊಲಿದು ಹೊಲಿದು ಇದ್ದ ಕಣ್ಣೂ ಕೈಕೊಟ್ಟಿತು. ಗುಮಾಸ್ತರ ಬೀಳ್ಕೊಡುಗೆಗೆ ಅಂತ ಒಂದು ಅಂಗಿ ಹೊಲಿದು ಕೊಟ್ಟರು. ಅವರೇ ತೂತು ಅನ್ನುತ್ತಿದ್ದ ಮಿಷನ್ ಕಾಜಾಕ್ಕಿಂತ ಆ ಕಾಜಾ ಕಡೆ. ಗುಂಡಿಯೇ ಹಿಡಿಯುತ್ತಿರಲಿಲ್ಲ. ಸಮಾರಂಭದಲ್ಲಿ ಅಧ್ಯಕ್ಷರು ಗುಮಾಸ್ತರ ಅಕ್ಷರವನ್ನು ಅರ್ಧ ಗಂಟೆ ಹೊಗಳಿದರು. ಗುಮಾಸ್ತರು ಒಂದು ಕೈಯಲ್ಲಿ ಅಂಗಿಯ ಎದೆ ಹಿಡಿದುಕೊಂಡೇ ಕೂತಿದ್ದರು.

ಅಂದಿನಿಂದ ಅವರು ಪೆನ್ನು ಮುಟ್ಟಿದ್ದನ್ನು ನಾನು ನೋಡಿಲ್ಲ. ದಿನಾ ಬೆಳಿಗ್ಗೆ ಅಕ್ಕನ ಅಂಗಡಿಗೆ ಹೋಗುತ್ತಾರೆ. ಹೊಸ್ತಿಲ ಮೇಲೆ, ಸ್ವಲ್ಪ ಬೆಳಕಿರುವ ಕಡೆ ಕೂತು, ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಸಣ್ಣ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಬರುತ್ತಾರೆ. "ಅಕ್ಕನಿಗೆ ಇದೊಂದು ಕಷ್ಟ ನೋಡಮ್ಮಾ. ಪೋಣಿಸಿ ಕೊಟ್ರೆ ಸಾಕು, ಮಿಕ್ಕಿದ್ದು ಕೈಗೇ ಗೊತ್ತು" ಅಂತ ಒಂದು ದಿನ ನನಗೆ ಹೇಳಿದರು. ಇಬ್ಬರೂ ಆ ವಿಚಾರಣೆಯ ಮಾತನ್ನು ಯಾವತ್ತೂ ಎತ್ತಿಲ್ಲ.

ಹೋದ ವಾರ ಸಂಜೆ ನನ್ನ ಚೀಲವೊಂದರ ಬಾಯಿ ಹೊಲಿಸೋಣವೆಂದು ಹೋದೆ. ಮಿಷನ್ ಮೇಲೆ ಧೂಳು ಕೂತಿತ್ತು. ಟೈಲರಮ್ಮ ಮಂಚದ ಮೇಲೆ ಕೂತು, ಆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ತಡಕಿ ತಡಕಿ ಒಂದೊಂದೇ ಸೂಜಿಯಿಂದ ದಾರ ಎಳೆದು ತೆಗೆಯುತ್ತಿದ್ದರು.

"ಏನಕ್ಕಾ ಇದು?"

"ನೀನೇನೇ? ಬಾ. ನಾನು ಹೊಲಿಗೆ ಬಿಟ್ಟು ಮೂರು ತಿಂಗಳಾಯ್ತು ಕಣೇ, ಒಂದು ಚೂರೂ ಕಾಣಲ್ಲ. ಅವನಿಗೆ ಹೇಳ್ಬೇಡ. ಹೇಳಿದ್ರೆ ಬರೋದು ನಿಲ್ಲಿಸ್ತಾನೆ. ಬರದಿದ್ರೆ ಮನೇಲಿ ಒಬ್ನೇ ಕೂತು ಅದನ್ನೇ ನೆನೆಸ್ಕೊಂಡು ಸತ್ತೇಹೋಗ್ತಾನೆ" ಅಂದರು. ಬೆರಳಿನಿಂದ ಮುಂದಿನ ಸೂಜಿ ಹುಡುಕಿದರು. "ಬೆಳಿಗ್ಗೆ ಬಂದಾಗ ಸೂಜಿ ಖಾಲಿ ಇರ್ಬೇಕಲ್ಲ."

ನನಗೆ ಅಳು ಒತ್ತರಿಸಿ ಬಂತು. ಅವರಿಗೆ ಅದು ಕಾಣುವಂತಿರಲಿಲ್ಲ, ಅದೊಂದು ಪುಣ್ಯ. ಪಕ್ಕದಲ್ಲಿ ಕೂತು ದಿಂಬಿನ ಇನ್ನೊಂದು ತುದಿಯಿಂದ ನಾನೂ ದಾರ ಎಳೆಯತೊಡಗಿದೆ.