ಮೋಹನದಾಸರು ತಮ್ಮನ್ನೇ ಹೊರಗಿಟ್ಟ ಫೈಲು

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಮೋಹನದಾಸರು ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಆಮಂತ್ರಣ ಪತ್ರಿಕೆಯನ್ನೂ ತಡಮಾಡಿದವರಲ್ಲ. ರಬಾಳೆಯ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತರಾದ ಈ ಉಡುಪಿಯ ವೀರನಿಗೆ ಶತ್ರುಗಳು ಒಂದೇ ಬಗೆಯವರು: ಸಂಘದ ಕಂಪ್ಯೂಟರ್ ತೆರೆದು, ಅತಿಥಿಗಳ ಸಾಲಿನಲ್ಲಿ ತಮ್ಮ ಭಾವನ ಹೆಸರನ್ನು ಸದ್ದಿಲ್ಲದೆ ಮೇಲಕ್ಕೇರಿಸುವ ಸದಸ್ಯರು.

ಆ ಶನಿವಾರ ಅವರು ಆಮಂತ್ರಣದ ಫೈಲಿಗೆ ಬೀಗ ಹಾಕಿದರು. ಪರದೆಯ ಮೇಲೆ ತೆರೆದ ಅನುಮತಿಯ ಕಿಟಕಿಯಲ್ಲಿ ‘ಮಾಲಿಕರು’, ‘ಗುಂಪು’, ‘ಇತರರು’ ಎಂದು ಮೂರು ಸಾಲು. ಸಂಘದಲ್ಲಿ ಮೈಕಿನಿಂದ ಜಮಖಾನೆಯವರೆಗೆ ಎಲ್ಲವೂ ಅಧ್ಯಕ್ಷರ ಹೆಸರಿನಲ್ಲೇ ಇರಬೇಕೆಂಬುದು ಪದ್ಧತಿ. ಹಾಗಾಗಿ ಮೊದಲ ಸಾಲಿನಲ್ಲಿ ಅಧ್ಯಕ್ಷ ಪೃಥ್ವಿರಾಜರನ್ನು ಭಕ್ತಿಯಿಂದ ಕೂರಿಸಿ, ಉಳಿದೆರಡರ ಎದುರು ‘ತಿದ್ದುವಂತಿಲ್ಲ’ ಒತ್ತಿದರು. ಆಮೇಲೆ ನೋಡಿದರೆ ಮುಖ್ಯ ಅತಿಥಿ ಇನ್ನೂ ಯಾರದೋ ಭಾವನ ಕೆಳಗೇ ಕುಳಿತಿದ್ದರು. ತಿದ್ದಲು ಹೋದ ಮೋಹನದಾಸರನ್ನು ಕಂಪ್ಯೂಟರ್ ಒಳಗೆ ಬಿಡಲಿಲ್ಲ.

ಗಂಟೆ ನಾಲ್ಕೂಕಾಲು. ಪ್ರೆಸ್ ಮುಚ್ಚುವುದು ಐದಕ್ಕೆ.

ಮೇಲಿನ ಮನೆಯ ಅಶ್ಮಿತಾ ಓಡಿಬಂದಳು. ಬೀಗ ಹಾಕುವ ಆ ತಂತ್ರಾಂಶವನ್ನು ಸಂಘಕ್ಕೆ ಪ್ರಯೋಗಕ್ಕೆ ಕೊಟ್ಟವಳು ಅವಳು. ಆ ಕಿಟಕಿಯನ್ನು ತನ್ನ ಕಂಪನಿಗೆ ರೂಪಿಸಿಕೊಟ್ಟವಳೂ ಅವಳೇ.

“ಅಂಕಲ್, ಮಾಲಿಕ್ ತೋ ಆಪ್ ಥೇ! ನಿಮ್ಮ ಜಾಗ ಅಧ್ಯಕ್ಷ ಸರ್‌ಗೆ ಯಾಕೆ ಕೊಟ್ರಿ?”

“ಅಧ್ಯಕ್ಷರು ಇರುವಾಗ ನಾನು ಮೇಲೆ ಕೂರುದಾ ಮಾರಾಯ್ತಿ? ಗುಂಪಿನಲ್ಲಿದ್ರೆ ಸಾಕು ಅಂತ.”

“ಗುಂಪಿಗೆ ನೀವೇ ಲಾಕ್ ಹಾಕಿದ್ರಲ್ಲ!”

“ಅದರಲ್ಲಿ ನಾನೂ ಉಂಟು ಅಂತ ನಿನ್ನ ಕಿಟಕಿ ಹೇಳ್ಲಿಲ್ಲ.”

ಅಶ್ಮಿತಾ ಕಿಟಕಿಯನ್ನು ಮತ್ತೊಮ್ಮೆ ಓದಿದಳು. ನಿಜ, ಹೇಳಿರಲಿಲ್ಲ.

ಬೀಗ ತೆಗೆಯಬಲ್ಲವರು ಮಾಲಿಕರು ಮಾತ್ರ; ಇನ್ನು ಅಧ್ಯಕ್ಷರ ಪಾಸ್‌ವರ್ಡೇ ಗತಿ. ಅವರೋ ಠಾಣೆ ಸ್ಟೇಷನ್ ಬಿಟ್ಟ ಫಾಸ್ಟ್ ಲೋಕಲ್ ರೈಲಿನಲ್ಲಿ ನೇತಾಡುತ್ತಿದ್ದರು. “ಹಲೋ” ಎಂದದ್ದೇ ತಡ, ಪಾರಸಿಕ್ ಸುರಂಗ ಕರೆಯನ್ನು ನುಂಗಿತು. ನಾಲ್ಕು ನಲವತ್ತೊಂದಕ್ಕೆ ಮತ್ತೆ ಸಿಕ್ಕರು.

“ಮೆಸೇಜ್ ಮಾಡಿ ಅಧ್ಯಕ್ಷರೇ!”

“ಒಂದು ಕೈಯಲ್ಲಿ ಹಿಡಿಕೆ, ಒಂದರಲ್ಲಿ ಫೋನ್. ಟೈಪ್ ಮಾಡ್ಲಿಕ್ಕೆ ಮೂರನೇ ಕೈ ಉಂಟಾ?”

“ಹಾಗಾದ್ರೆ ಬಾಯಲ್ಲೇ ಹೇಳಿ.”

“ಪಕ್ಕದಲ್ಲೇ ನಮ್ಮ ಸದಸ್ಯರು ನಾಲ್ಕು ಜನ ಇದ್ದಾರೆ ಮಾರಾಯ್ರೆ...”

“ಪ್ರೆಸ್ ಮುಚ್ತದೆ!”

ಆಮೇಲೆ ರೈಲಿನ ಸದ್ದನ್ನೂ ಮೀರಿ ಕೂಗು ಬಂತು: “ಅಧ್ಯಕ್ಷ ಎರಡು ಸಾವಿರದ ನಲವತ್ತು!”

“ಓಹೋ, ಅಲ್ಲಿವರೆಗೆ ಕುರ್ಚಿಯಿಂದ ಇಳಿಯುದಿಲ್ವಾ?” ಎಂದು ಫೋನಿನಲ್ಲಿ ಯಾರೋ ಕೇಳಿದರು. ಬೋಗಿಯಲ್ಲಿ ನಗೆ ಎದ್ದಿತು.

ನಾಲ್ಕು ಐವತ್ತಾರಕ್ಕೆ, ಮುಖ್ಯ ಅತಿಥಿ ಮೇಲೇರಿ, ಪತ್ರಿಕೆ ಪ್ರೆಸ್ಸಿಗೆ ಹೊರಟಿತು.

ಮುಂದಿನ ವಾರ ಅಶ್ಮಿತಾ ಹೊಸ ಕಿಟಕಿ ತಂದಳು. ಮೂರು ಸಾಲಿನ ಜಾಗದಲ್ಲಿ ಒಂದೇ ಪ್ರಶ್ನೆ: ‘ಈ ಫೈಲನ್ನು ಯಾರು ತಿದ್ದಬಹುದು?’ ಅದರ ಕೆಳಗೆ ಎಲ್ಲರ ಹೆಸರು. ತಮ್ಮ ಹೆಸರಿನ ಗುರುತು ತೆಗೆದರೆ ಕೆಂಪಕ್ಷರ: ‘ಇನ್ನು ನೀವೂ ತಿದ್ದಲಾರಿರಿ. ಒಪ್ಪಿಗೆಯೇ?’

ಮೋಹನದಾಸರು ಎರಡು ಸಲ ಓದಿದರು. ಒಮ್ಮೆ ಬಾಗಿಲ ಕಡೆ ನೋಡಿ, ಅಧ್ಯಕ್ಷರು ಬಂದಿಲ್ಲವೆಂದು ಖಚಿತಪಡಿಸಿಕೊಂಡು, ತಮ್ಮ ಹೆಸರೊಂದಕ್ಕೇ ಗುರುತು ಹಾಕಿದರು.